ಅತ್ತೆಯ ತಿಥಿಯ ದಿನ ಅರ್ಜೆಂಟೀನಾ

ಟೀವಿ ಬಂದ ಸಂಜೆ ಇನ್‌ಸುಕ್‌ಳ ಕಣ್ಣಿಗೆ ಬಿದ್ದದ್ದು ನಾಲ್ಕು ಕಾಲಿನ ಆಟಗಾರರು. ಒಬ್ಬೊಬ್ಬನಿಗೂ ಅವನದೇ ಇನ್ನೊಂದು ಮೈ ಅಂಟಿಕೊಂಡು, ಅಚ್ಚು ಸರಿಯಾಗಿ ಕೂರದ ಕ್ಯಾಲೆಂಡರಿನ ಚಿತ್ರದ ಹಾಗೆ ಹಸಿರು ನೆಲದ ಮೇಲೆ ಜಾರಾಡುತ್ತಿತ್ತು. ಚೆಂಡು ಎರಡಿದ್ದವು. ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ ಬಂದವಳು, ಎಣ್ಣೆಯ ಹೊಗೆ ಹೊಡೆದಿರಬೇಕೆಂದು ತೋಳಿನಿಂದ ಕಣ್ಣು ಒರೆಸಿಕೊಂಡಳು.

"ನಿನ್ನ ಕಣ್ಣಿಗೇನೂ ಆಗಿಲ್ಲ," ಎಂದ ಗಂಡ ಮಾನ್‌ಸು, ಸೋಫಾದಿಂದ ಏಳದೆ. "ತ್ರೀಡಿ ಅಂದ್ರೆ ಸುಮ್ನೇನಾ? ಕನ್ನಡಕ ಹಾಕ್ಕೊಂಡು ನೋಡ್ಬೇಕು."

"ಹಾಗಾದ್ರೆ ಕೊಡಿ ಒಂದು."

"ಬಂದಿರೋದೇ ಎರಡು. ಒಂದು ಅಪ್ಪಂಗೆ, ಒಂದು ನಂಗೆ. ಅಡುಗೆಮನೆಯಿಂದ ನೋಡೋರಿಗೆ ಹ್ಯಾಗಿದ್ರೂ ಒಂದೇ."

"ಕಿಮ್ಚಿ ಇಡೋ ಫ್ರಿಜ್ಜಿನ ಬಾಗಿಲಿಗೆ ಅಂಟುಪಟ್ಟಿ ಹಚ್ಚಿ ಎರಡು ವರ್ಷ ಆಯ್ತು. ಅದಕ್ಕೆ ದುಡ್ಡಿಲ್ಲ ಅಂದಿದ್ರಿ."

"ವಿಶ್ವಕಪ್ ನಾಲ್ಕು ವರ್ಷಕ್ಕೊಂದ್ಸಲ ಬರತ್ತೆ ಕಣೇ. ಕಿಮ್ಚಿ ದಿನಾ ಬರತ್ತೆ."

ಮಾವ ನಕ್ಕ. ಕಟ್ಟಿಸಿಕೊಂಡ ಹಲ್ಲು ಸಡಿಲವಾಗಿ, ನಗು ಮುಗಿದ ಮೇಲೂ ಒಂದು ಸಲ ಕಟಕಟ ಅಂದಿತು. ಎಪ್ಪತ್ತಾರರ ಆ ಮುದುಕನ ಮುಖಕ್ಕೆ ಕಪ್ಪು ಕನ್ನಡಕ ದೊಡ್ಡದಾಗಿತ್ತು. ನೊಣದ ಮೋರೆಯಂತೆ ಕಾಣುತ್ತಿದ್ದ.

ಕೊರಿಯಾದ ದೇಗು ನಗರದಲ್ಲಿ ಆ ವರ್ಷದ ಸೆಕೆ ಜೂನಿಗೂ ಮೊದಲೇ ಬಂದಿತ್ತು. ಹನ್ನೊಂದನೇ ಮಹಡಿಯ ಆ ಮನೆಗೆ ಸೆಕೆಯ ಜೊತೆ ಕತ್ತಲೂ ಬಂತು. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಕನ್ನಡಕದೊಳಗೆ ಬೆಳಕು ಪಟಪಟ ಹೊಡೆದುಕೊಳ್ಳುತ್ತದಂತೆ. ಆಟ ಶುರುವಾದರೆ ಹಜಾರದ ದೀಪ ಆರಬೇಕು. ಹಜಾರಕ್ಕೂ ಅಡುಗೆಮನೆಗೂ ನಡುವೆ ಗೋಡೆಯಿಲ್ಲದ್ದರಿಂದ ಅಡುಗೆಮನೆಯದೂ ಆರಬೇಕು. ಇನ್‌ಸುಕ್ ಕತ್ತಲಲ್ಲಿ ಬೆಳ್ಳುಳ್ಳಿ ಸುಲಿದಳು, ಕತ್ತಲಲ್ಲಿ ಪಾತ್ರೆ ತೊಳೆದಳು. ಬೆಳಿಗ್ಗೆ ನೋಡಿದರೆ ಬಟ್ಟಲಿನ ಅಂಚಿನಲ್ಲಿ ಅನ್ನದ ಅಗುಳು ಒಣಗಿ ಕೂತಿರುತ್ತಿತ್ತು. ಕನ್ನಡಕ ಹಾಕಿದ ಗಂಡಸರಿಗಂತೂ ಪರದೆಯ ಹೊರಗಿನದೇನೂ ಕಾಣುತ್ತಿರಲಿಲ್ಲ. ತಟ್ಟೆಗೆಂದು ಚಾಚಿದ ಕೈ ಖಾರ ಕೋಸಿನ ಕಿಮ್ಚಿಯ ಬಟ್ಟಲಿಗೆ ಬೀಳುತ್ತಿತ್ತು, ಕಿಮ್ಚಿಯ ಕೈ ಸೋಫಾಕ್ಕೆ ಒರೆಸಿಕೊಳ್ಳುತ್ತಿತ್ತು. ಮುದುಕ ಒಣಮೀನಿನ ಸಿಪ್ಪೆಯನ್ನು ನೆಲದ ಮೇಲೆ ಉಗುಳಿ, ಬಾಟಲಿಗಾಗಿ ಗಾಳಿಯಲ್ಲಿ ಕೈಯಾಡಿಸುವನು. ಅದನ್ನು ಅವನ ಅಂಗೈಗೆ ಇಡಬೇಕಾದವಳು ಇನ್‌ಸುಕ್.

"ಅಮ್ಮಾ, ಇದು ಕಣ್ಣಾಸ್ಪತ್ರೆ ಥರ ಇದೆ," ಎಂದಳು ಮಗಳು ಬೋರಾ. ಹದಿನೇಳರ ಹುಡುಗಿ, ಪರೀಕ್ಷೆಯ ಪುಸ್ತಕ ಹಿಡಿದು ತನ್ನ ಕೋಣೆಯ ಬಾಗಿಲು ಹಾಕಿಕೊಂಡರೆ ಊಟಕ್ಕೇ ಹೊರಗೆ ಬರುವುದು. "ಆಪರೇಷನ್ ಆದೋರು ಸಾಲಾಗಿ ಕೂತಿರ್ತಾರಲ್ಲ, ಹಂಗೆ."

ಗ್ರೀಸ್ ಮೇಲಿನ ಪಂದ್ಯದ ಶನಿವಾರ ಮೈದುನ ಮಾನ್‌ಹೋ ಹೆಂಡತಿ ಉನ್‌ಜುಳನ್ನು ಕರೆದುಕೊಂಡು ಉಲ್ಸಾನ್‌ನಿಂದ ಬಂದ. ತನಗೊಂದು ಕನ್ನಡಕ ತಾನೇ ಕೊಂಡು ತಂದಿದ್ದ, ಹೆಂಡತಿಗೆ ತಂದಿರಲಿಲ್ಲ. ಕರಿದ ಕೋಳಿ, ಬಿಯರು, ಮೂರು ಬನಿಯನ್ನು. ಆಫ್ರಿಕಾದ ಮೈದಾನದ ತುತ್ತೂರಿಗಳು ಮನೆಯೊಳಗೆ ಸಾವಿರ ನೊಣ ಬಿಟ್ಟ ಹಾಗೆ ಗುಂಯ್‌ಗುಡುತ್ತಿದ್ದವು. ಚೆಂಡು ಈಚೆ ಬಂದಾಗಲೆಲ್ಲ ಮೂವರೂ ಒಟ್ಟಿಗೆ ತಲೆ ತಗ್ಗಿಸುವರು, ಒಟ್ಟಿಗೆ ಎತ್ತುವರು. ಎರಡನೇ ಗೋಲಾದ ಮೇಲೆ ಮುದುಕ ತಲೆ ತಗ್ಗಿಸಿದವನು ಎತ್ತಲಿಲ್ಲ. ಕೋಳಿಯ ಜೊತೆ ಬಂದಿದ್ದ ಮೂಲಂಗಿ ಉಪ್ಪಿನಕಾಯಿಯ ಬಟ್ಟಲಿಗೆ ಬಾಯಿಟ್ಟು ವಾಂತಿ ಮಾಡಿದ.

ಇನ್‌ಸುಕ್ ಸ್ವಿಚ್ಚಿಗೆ ಕೈಹಾಕಿದಳು.

"ದೀಪ ಹಾಕ್ಬೇಡ! ಹಾಕ್ಬೇಡ, ಕಾರ್ನರ್ ಇದೆ!" ಮಾನ್‌ಸು ಕಿರುಚಿದ.

"ನಿಮ್ಮಪ್ಪ ವಾಂತಿ ಮಾಡ್ಕೊಂಡಿದಾರೆ."

"ಗೊತ್ತು. ತಲೆ ಸುತ್ತತ್ತೆ ಅಂತ ಡಬ್ಬದ ಮೇಲೇ ಬರ್ದಿದೆ. ಸರಿಹೋಗತ್ತೆ. ಅಪ್ಪಾ, ಸರಿಹೋಯ್ತಾ?"

"ಹೂಂ," ಎಂದ ಮುದುಕ ಬಾಯಿ ಒರೆಸಿಕೊಂಡು. ಕನ್ನಡಕ ತೆಗೆದಿರಲೇ ಇಲ್ಲ.

ಅವಳು ಕತ್ತಲಲ್ಲೇ, ವಾಸನೆಯ ಜಾಡು ಹಿಡಿದು, ಹಸಿಬಟ್ಟೆಯಿಂದ ನೆಲ ಒರೆಸಿದಳು. ಬೆರಳಿಗೆ ಸಿಕ್ಕಿದ ಗಟ್ಟಿ ಚೂರು ಮೂಲಂಗಿಯೋ ಹಲ್ಲೋ ಗೊತ್ತಾಗದೆ ಒಂದು ಗಳಿಗೆ ಅದನ್ನು ಹಿಡಿದು ಕೂತಳು. ಮೂಲಂಗಿ.

ಗೆದ್ದ ಮೇಲೆ ದೀಪ ಬಂತು. ಕೆಳಗಿನ ರಸ್ತೆಯಲ್ಲಿ ಕಾರುಗಳು ಹಾರ್ನು ಬಡಿಯುತ್ತಿದ್ದವು. "ಮುಂದಿನದು ಗುರುವಾರ," ಎಂದ ಮಾನ್‌ಹೋ. "ಅರ್ಜೆಂಟೀನಾ. ಎಂಟೂವರೆಗೆ. ಅತ್ತಿಗೆ, ಈ ಕೋಳಿ ಬೇಡ, ಖಾರದ್ದು ತರಿಸಿ."

"ಗುರುವಾರ ಅತ್ತೆಯ ತಿಥಿ," ಎಂದಳು ಇನ್‌ಸುಕ್.

ಮಾನ್‌ಸು ಕನ್ನಡಕದ ಗಾಜಿನ ಮೇಲಿನ ಜಿಡ್ಡನ್ನು ಬನಿಯನ್ನಿನಿಂದ ಒರೆಸಿದ, ಜಿಡ್ಡು ಇನ್ನಷ್ಟು ಹರಡಿತು.

"ಹತ್ತೂವರೆಗೆ ಮ್ಯಾಚ್ ಮುಗಿಯತ್ತೆ. ಆಮೇಲೆ ಮಾಡಿದ್ರಾಯ್ತು."

"ಏಳು ಗಂಟೆಗೆ ಮಾಡ್ತಿದ್ವಲ್ಲ?"

"ಅದು ತಪ್ಪು ಕಣೇ. ಹಿಂದಿನವರು ಏಳಕ್ಕೆ ಮಾಡ್ತಿದ್ರಾ? ನಡುರಾತ್ರಿ ಕಳೆದ ಮೇಲೇ ಎಡೆ ಇಡ್ತಿದ್ದದ್ದು. ಅಲ್ವೇನಪ್ಪಾ?"

"ಪದ್ಧತಿ ಅಂದ್ರೆ ಅದೇ," ಎಂದ ಮುದುಕ.

ಇದೇ ಮುದುಕ, ಇದೇ ಮಗ, ಮೂರು ವರ್ಷದ ಹಿಂದೆ ಮೊದಲ ತಿಥಿಗೆ, ಬೆಳಿಗ್ಗೆ ಆಫೀಸಿದೆ, ಪದ್ಧತಿ ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು ಎಂದು ಏಳು ಗಂಟೆಯನ್ನು ಗೊತ್ತುಮಾಡಿದ್ದರು.

"ಆರೂವರೆಗೇ ಮುಗಿಸೋಣ. ಆಮೇಲೆ ನಿಮ್ಮ ಮ್ಯಾಚ್ ನೋಡಿ, ಯಾರು ಬೇಡ ಅಂದ್ರು?"

"ಮಾನ್‌ಹೋ ಬಂದು ಮುಟ್ಟೋದೇ ಎಂಟಕ್ಕೆ. ಎಡೆ ಇಡೋದು ಉತ್ತರದ ಗೋಡೆಗೆ, ಅಲ್ಲಿ ಟೀವಿ ಇದೆ. ಸರಿಸಿದ್ರೆ ಮತ್ತೆ ಹೊಂದಿಸೋರು ಯಾರು? ನೀನಾ?"

"ಅಡ್ಡ ಇದ್ರೆ ಅಲ್ಯಾಕೆ ಇಟ್ರಿ?"

"ಕೇಬಲ್ ಬರೋದು ಅಲ್ಲಿಗೆ. ಅಮ್ಮ ಬರೋಕೆ ಕೇಬಲ್ ಬೇಕಾ?"

ಮಾನ್‌ಹೋ ಪಕ್ಕನೆ ನಕ್ಕು, ಅಪ್ಪನ ಮುಖ ನೋಡಿ ಕೆಮ್ಮಿದ. ಅಪ್ಪನೂ ನಗುತ್ತಿದ್ದ.

ಅತ್ತೆ ಆ ಸಂಸಾರದಲ್ಲಿ ನಲವತ್ತು ವರ್ಷ ಕೊನೆಗೆ ಉಂಡವರು. ಗಂಡಸರ ಮೇಜು ಎತ್ತಿದ ಮೇಲೆ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ನಿಂತುಕೊಂಡು, ಪಾತ್ರೆಯ ತಳದ ತಣ್ಣನೆ ಅನ್ನಕ್ಕೆ ನೀರು ಹೊಯ್ದುಕೊಂಡು. ಇನ್‌ಸುಕ್ ಸೊಸೆಯಾಗಿ ಬಂದ ಮೇಲೆ ಇಬ್ಬರೂ ಹಾಗೆ ನಿಂತು ಉಂಡರು, ಒಂದೇ ಬಟ್ಟಲಿನಿಂದ ಕಿಮ್ಚಿ ಎತ್ತುತ್ತಾ. ಕೊನೆಯ ತಿಂಗಳು, ಆಸ್ಪತ್ರೆಯಲ್ಲಿ ಒಂದು ಚಮಚ ಗಂಜಿಯೂ ಇಳಿಯದಿದ್ದಾಗ, ಅವರು ಸೊಸೆಯ ಮಣಿಕಟ್ಟು ಹಿಡಿದು ಹೇಳಿದ್ದರು: "ನನ್ನ ತಿಥಿಗೆ ಕಾಯಿಸ್ಬೇಡ ಕಣೇ. ಬೇಗ ಇಡು. ಬಿಸಿ ಇರ್ಲಿ." ಆಮೇಲೆ ಅಷ್ಟನ್ನು ಕೇಳಿದ್ದಕ್ಕೇ ನಾಚಿಕೊಂಡು ಗೋಡೆಯ ಕಡೆ ತಿರುಗಿದ್ದರು.

ಇನ್‌ಸುಕ್ ಇದನ್ನು ಯಾರಿಗೂ ಹೇಳಿರಲಿಲ್ಲ. ಮಂಗಳವಾರ ಕೆಲಸದಿಂದ ಬಂದು ಮಾವನ ಮುಂದೆ ಕೂತಳು. ಅವನು ಪತ್ರಿಕೆ ಹಾಸಿ ಕಾಲಿನ ಉಗುರು ಕತ್ತರಿಸುತ್ತಿದ್ದ; ಹಳದಿ ಚೂರುಗಳು ಪತ್ರಿಕೆಗಿಂತ ಹೆಚ್ಚು ಚಾಪೆಗೇ ಸಿಡಿದಿದ್ದವು.

"ಮಾವ, ತಿಥಿಗೆ ಯಜಮಾನ್ರು ನೀವು. ನೀವು ಒಂದು ಮಾತು ಹೇಳಿದ್ರೆ ಅವರು ಕೇಳ್ತಾರೆ."

"ಏನಂತ?"

"ಮ್ಯಾಚಿಗೆ ಮೊದಲೇ ಅಂತ. ಅತ್ತೆ ಕೇಳ್ಕೊಂಡಿದ್ರು ನನ್ನ ಹತ್ರ. ಕಾಯಿಸ್ಬೇಡಿ, ಬಿಸಿ ಇರ್ಲಿ ಅಂತ."

ಹಿಂದೊಮ್ಮೆ ಎಲಚಿಹಣ್ಣು ಇಡುವಲ್ಲಿ ಸೊಸೆ ಮರಸೇಬು ಇಟ್ಟಳೆಂದು ಎಡೆಯ ತಟ್ಟೆಯನ್ನೇ ಎಸೆದಿದ್ದ ಮನುಷ್ಯ ಅವನು. ಹೆಬ್ಬೆರಳನ್ನು ಮೂಗಿನ ಹತ್ತಿರ ತಂದು ನೋಡಿಕೊಂಡ.

"ಅವಳಿಗೆ ಕಾಯೋದೇನು ಹೊಸದಾ? ಇದ್ದಾಗ್ಲೇ ಕಾದಿದ್ದಾಳೆ. ಇನ್ನೆರಡು ಗಂಟೆ ಹೆಚ್ಚಾಗತ್ತಾ? ಬಿಡಮ್ಮ. ಹುಡುಗ್ರು ಆಸೆಪಟ್ಟಿದಾರೆ."

ಹುಡುಗರಿಬ್ಬರಿಗೂ ನಲವತ್ತು ದಾಟಿತ್ತು.

ಗುರುವಾರ ರಜೆ ಹಾಕಿ ಬೆಳಗಿನಿಂದ ಬೇಯಿಸಿದಳು. ಹಿಟ್ಟಿನಲ್ಲಿ ಅದ್ದಿದ ಮೀನಿನ ಹೋಳು, ಕುಂಬಳ, ತೋಫು ಕರಿದಳು. ದನದ ಮಾಂಸದ ಸಾರು ಕುದಿಸಿದಳು. ಇಡೀ ಮೀನನ್ನು ಹಬೆಯಲ್ಲಿ ಬೇಯಿಸಿದಳು. ಮಧ್ಯಾಹ್ನ ಉನ್‌ಜು ಒಬ್ಬಳೇ ಬಸ್ಸಿನಲ್ಲಿ ಬಂದು ಸೊಪ್ಪು ಹಿಂಡಲು ಕೂತಳು. ಗಂಡ ಸಂಜೆ ಕಾರಿನಲ್ಲಿ ಬರುವವನಿದ್ದ. ಕಾರಿನ ಹಿಂದಿನ ಸೀಟಿನಲ್ಲಿ ಬಿಯರಿನ ಪೆಟ್ಟಿಗೆಗಳಿದ್ದವಂತೆ.

"ಸೀಟ್‌ಬೆಲ್ಟ್ ಕೂಡ ಹಾಕಿದ್ರು ಅಕ್ಕಾ, ಬಿಯರಿಗೆ," ಎಂದಳು ಉನ್‌ಜು.

ಏಳಕ್ಕೆ ಇನ್‌ಸುಕ್ ಕೇಳಿದಳು. ಮಾನ್‌ಸು, "ಆಮೇಲೆ ಅಂದೆನಲ್ಲ," ಎಂದ. ಎಂಟೂವರೆಗೆ ದೀಪ ಆರಿತು. ಒಲೆಯ ಮೇಲೆ ಸಾರು ಆರುತ್ತಾ, ಮೇಲೆ ಕೊಬ್ಬಿನ ಬಿಳಿ ಪದರ ಕಟ್ಟಿತು. ಹಜಾರದಲ್ಲಿ ಕೊರಿಯಾದವನೊಬ್ಬ ತನ್ನದೇ ಗೋಲಿಗೆ ಚೆಂಡು ತಳ್ಳಿದ. ಮೂವರೂ ಅವನ ತಾಯಿಯನ್ನು ಬೈದರು. ಅರ್ಧ ಆಟ ಮುಗಿದಾಗ ಅರ್ಜೆಂಟೀನಾ ಎರಡು, ಕೊರಿಯಾ ಒಂದು. ಅವಳು ಸೋಫಾದ ಹಿಂದೆ ಬಂದು ನಿಂತಳು.

"ಈಗ ಬಿಡುವಿದೆ. ತಲೆಬಾಗಿ ಎಡೆಗೆ ಒಂದು ಲೋಟ ಹೆಂಡ ಹಾಕಿದ್ರೆ ಆಯ್ತು. ಮಿಕ್ಕಿದ್ದು ನಾನು ನೋಡ್ಕೋತೀನಿ."

"ನಡುವೆ ಎದ್ರೆ ಶಕುನ ಕೆಡತ್ತೆ," ಎಂದ ಮಾನ್‌ಸು. "ನಾವು ಈಗಷ್ಟೇ ಒಂದು ಹೊಡ್ದಿದೀವಿ. ಹೋಗು. ಬರ್ತಾ ಒಣಮೀನು ತಗೊಂಡ್ಬಾ."

"ಅತ್ತಿಗೆ, ಬಿಯರೂ," ಎಂದ ಮಾನ್‌ಹೋ.

ಅವಳು ಅಡುಗೆಮನೆಗೆ ಹೋದಳು. ತಣ್ಣಗಾದ ಅನ್ನವನ್ನು ಬೋಗುಣಿಗೆ ಮಗುಚಿದಳು. ಅಕ್ಕಿ ತೊಳೆದು ಹೊಸದಾಗಿ ಕುಕ್ಕರಿಗೆ ಇಟ್ಟಳು. ಒಲೆ ಹಚ್ಚಿ ಸಾರು ಬಿಸಿಗಿಟ್ಟಳು.

"ಏನ್ಮಾಡ್ತಿದೀರಾ ಅಕ್ಕಾ?" ಉನ್‌ಜು ಪಿಸುಗುಟ್ಟಿದಳು.

"ಎಡೆ ಇಡ್ತಿದೀನಿ. ಬೋರಾಳ ಕೋಣೇಲಿ."

"ಗಂಡಸರಿಲ್ದೆ ನಡೆಯತ್ತಾ?"

"ಬೆಳಗಿಂದ ನಡೀತಿದೆಯಲ್ಲ."

"ಬೈತಾರೆ."

"ಬೈಲಿ. ನೀನು ಆ ತೋಫು ಹಿಡ್ಕೋ."

ಕುಕ್ಕರು ಉಸ್ಸೆಂದು ಹಬೆ ಬಿಟ್ಟಾಗ ಮಾತ್ರ ಹಜಾರದಿಂದ, "ಏನದು ಸದ್ದು, ಕಾಮೆಂಟರಿ ಕೇಳಲ್ಲ!" ಎಂಬ ಕೂಗು ಬಂತು. ಹೆಂಗಸರು ಕಂಚಿನ ಬಟ್ಟಲುಗಳನ್ನು ಎದೆಗೆ ಒತ್ತಿಕೊಂಡು, ಸೋಫಾದ ಹಿಂದೆ ಒಂದಾದ ಮೇಲೊಂದು ಸಾಗಿಸಿದರು. ಇನ್‌ಸುಕ್ ಇಡೀ ಮೀನಿನ ತಟ್ಟೆ ಹೊತ್ತು ಹೋಗುವಾಗ ಮಾನ್‌ಸು ಕತ್ತು ತಿರುಗಿಸಿ, ಕಪ್ಪು ಗಾಜುಗಳನ್ನು ನೆಟ್ಟಗೆ ಅವಳ ಮೇಲಿಟ್ಟ. ಅವಳು ಉಸಿರು ಬಿಗಿಹಿಡಿದಳು.

"ಯಾರದು? ಬಿಯರ್ ಎಲ್ಲಿ?" ಎಂದ ಅವನು, ಅವಳಾಚೆಗಿನ ಕತ್ತಲಿಗೆ.

"ಖಾಲಿ," ಎಂದಳು.

ಬೋರಾಳ ಓದುವ ಮೇಜಿನ ಪುಸ್ತಕಗಳು ಹಾಸಿಗೆಗೆ ಹೋದವು. ಎಡೆಯ ಹಿಂದೆ ಅಂಟಿಸಬೇಕಾದ, ಸತ್ತವರ ಗುರುತಿನ ಕಾಗದವನ್ನು ಮಾವ ಬರೆದಿರಲಿಲ್ಲ. ಬೋರಾ ಪೆನ್ನು ತೆಗೆದಳು.

"ಏನಂತ ಬರೀಲಿ? ತಾತ ಬರೆಯೋದ್ರಲ್ಲಿ ಅಜ್ಜಿ ಹೆಸರೇ ಇರಲ್ಲ. ಚಾ ಮನೆತನದವಳು ಅಂತಷ್ಟೇ."

"ಬುನ್ನಿ ಅಂತ ಬರಿ. ಚಾ ಬುನ್ನಿ."

"ಅಜ್ಜಿ ಹೆಸರು ಬುನ್ನೀನಾ? ನಂಗೆ ಗೊತ್ತೇ ಇರ್ಲಿಲ್ಲ ಅಮ್ಮಾ."

ದೀಪ ಉರಿಯುತ್ತಿತ್ತು. ಇನ್‌ಸುಕ್ ಮೊದಲ ಲೋಟ ಇಟ್ಟಳು, ಉನ್‌ಜು ಎರಡನೆಯದು, ಬೋರಾ ಮೂರನೆಯದು. ಹುಡುಗಿಯ ಕೈಯಿಂದ ಹನಿ ಚೆಲ್ಲಿತು, ಯಾರೂ ಗದರಲಿಲ್ಲ. ಮೂವರೂ ನೆಲಕ್ಕೆ ಹಣೆ ಮುಟ್ಟಿಸಿದರು. ಇನ್‌ಸುಕ್ ಅನ್ನದ ಬಟ್ಟಲಿನ ಮುಚ್ಚಳ ತೆಗೆದಳು. ಹಬೆ ಅವಳ ಮುಖಕ್ಕೆ ಬಡಿಯಿತು. ಅನ್ನದಲ್ಲಿ ಚಮಚ ನೆಟ್ಟು, ಸತ್ತವರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಎಳೆದುಕೊಂಡು ಮೂವರೂ ಹೊರಗೆ ಬಂದು ನಿಂತರು.

ಅಲ್ಲಿಂದ ಗಂಡಸರ ಬೆನ್ನು ಕಾಣುತ್ತಿತ್ತು. ಬೆವರಿಗೆ ಬನಿಯನ್ನುಗಳು ಮೈಗೆ ಅಂಟಿದ್ದವು. ಮುದುಕ ಬೆರಳನ್ನು ಬಾಯೊಳಗೆ ಹಾಕಿ ಹಲ್ಲಿನ ಸಂದಿಯಿಂದ ಏನನ್ನೋ ಕಿತ್ತು, ನೋಡಲಾರದೆ, ಮತ್ತೆ ಬಾಯಿಗೇ ಹಾಕಿಕೊಂಡ. ಪರದೆಯ ಮೇಲೆ ಅರ್ಜೆಂಟೀನಾದ ಜೋಡಿ ಮೈಯವರು ಜೋಡಿ ಚೆಂಡನ್ನು ಬಲೆಗೆ ಸೇರಿಸಿದರು. ಮೂರನೆಯದು. ಸ್ವಲ್ಪ ಹೊತ್ತಿಗೆ ನಾಲ್ಕನೆಯದು. ಬೋರಾಗೆ ನಗು ತಡೆಯಲಾಗಲಿಲ್ಲ. ಉನ್‌ಜು ಅವಳ ಬಾಯಿ ಮುಚ್ಚಿದಳು. ಅವಳ ಕೈಗೆ ಎಳ್ಳೆಣ್ಣೆಯ ವಾಸನೆಯಿತ್ತು.

ಇನ್‌ಸುಕ್ ಒಳಗೆ ಉಣ್ಣುವವರಿಗೆ ತಿಳಿಯಲೆಂದು ಕೆಮ್ಮಿ ಬಾಗಿಲು ತೆರೆದಳು. ಮತ್ತೊಮ್ಮೆ ತಲೆಬಾಗಿ, ಹೆಸರಿನ ಕಾಗದ ಸುಟ್ಟು, ಮೂವರೂ ಕೂತು ಉಂಡರು.

ದೀಪ ಬಂದದ್ದು ಹತ್ತೂವರೆಗೆ. ಗಂಡಸರ ಮೂಗಿನ ಮೇಲೆ ಕನ್ನಡಕದ ಕೆಂಪು ಬರೆ, ಕಣ್ಣಲ್ಲಿ ನೀರು. ಮಾನ್‌ಹೋ ತಲೆ ಹಿಡಿದುಕೊಂಡಿದ್ದ.

"ತಿಥಿ ಸಾಮಾನು ತಗೊಂಡ್ಬಾ," ಎಂದ ಮಾನ್‌ಸು ದನಿ ಎಳೆಯುತ್ತಾ. "ಬೇಗ ಮುಗಿಸಿಬಿಡೋಣ."

"ಮುಗೀತು," ಎಂದಳು ಇನ್‌ಸುಕ್.

"ಏನು?"

"ತಿಥಿ. ನಾವು ಮೂವರು ಮಾಡಿದ್ವಿ. ಬೋರಾಳ ಕೋಣೇಲಿ. ಅತ್ತೆಗೆ ಎಡೆ ಇಟ್ಟು, ಕಾಗದ ಸುಟ್ಟು, ನಾವೂ ಉಂಡ್ವಿ."

ಗೋಡೆಗೆ ಒರಗಿ ನಿಂತಳು. ಒಂದು ತಾಸಿನಿಂದ ಮನಸ್ಸಿನಲ್ಲೇ ಜೋಡಿಸಿಕೊಂಡ ಮಾತುಗಳು ಗಂಟಲಿನವರೆಗೆ ಬಂದು ನಿಂತಿದ್ದವು. ತಟ್ಟೆ ಹಾರಿಬರಬಹುದು. ಹಾರಲಿ. ಆಸ್ಪತ್ರೆಯ ಮಾತನ್ನು ಎಲ್ಲರೆದುರು ಹೇಳುತ್ತೇನೆ. ತೊಟ್ಟಿಯ ಪಕ್ಕದ ನಲವತ್ತು ವರ್ಷವನ್ನೂ ಹೇಳುತ್ತೇನೆ.

ಮಾನ್‌ಸು ಆಕಳಿಸಿದ.

"ಒಳ್ಳೇದಾಯ್ತು ಬಿಡು. ನಡುರಾತ್ರಿವರೆಗೆ ಯಾರು ಕೂತಿರ್ತಾರೆ? ನಾಳೆ ಆಫೀಸಿದೆ."

"ನಾನೂ ಹೊರಡಬಹುದು ಹಾಗಾದ್ರೆ," ಎಂದ ಮಾನ್‌ಹೋ, ಮುಖ ಗೆಲುವಾಗಿ. "ಕುಡ್ದಿದೀನಿ, ಉನ್‌ಜು ಓಡಿಸ್ತಾಳೆ."

ಇನ್‌ಸುಕ್ ಮಾವನ ಕಡೆ ನೋಡಿದಳು. ಯಜಮಾನ ಅವನು. ಕನ್ನಡಕವನ್ನು ಹಣೆಗೇರಿಸಿ, ಏನೋ ಯೋಚಿಸುತ್ತಾ ಕೂತಿದ್ದ.

"ಮೀನು ಉಳಿದಿದ್ಯಾ?" ಎಂದ.

ಅವಳ ಗಂಟಲಿನ ಮಾತುಗಳಿಗೆ ಹೋಗಲು ಜಾಗವಿರಲಿಲ್ಲ. ತಿಥಿಯನ್ನು ಕದ್ದೆನೆಂದುಕೊಂಡಿದ್ದಳು, ಅವರು ಎಂದೋ ಎಸೆದದ್ದನ್ನು ಎತ್ತಿಕೊಂಡಿದ್ದಳು, ಅಷ್ಟೇ. ಗಂಡಸರು ಮೂವರೂ ಎಡೆಯ ಮೀನಿನ ಸುತ್ತ ಬಾಗಿ, ಕಡ್ಡಿ ಚುಚ್ಚಿ, ಮುಳ್ಳುಗಳನ್ನು ಮೇಜಿನ ಮೇಲೇ ಉಗುಳುತ್ತಾ ತಿಂದರು. ಅವಳು ಕಿಟಕಿ ತೆರೆದಳು.

ವಾರ ಕಳೆಯಿತು. ನೈಜೀರಿಯಾದ ಜೊತೆ ಸಮ ಮಾಡಿಕೊಂಡು ದೇಶ ಮುಂದಿನ ಸುತ್ತಿಗೆ ಹೋಯಿತು. ಮಾನ್‌ಸುಗೆ ಗೆಲುವೇ ಗೆಲುವು. ಸಂಜೆ ಅಪ್ಪನ ಪಕ್ಕ ಕೂತು, ಹಳೆಯ ಪಂದ್ಯದ ಮರುಪ್ರಸಾರ ಹಾಕಿ, ಊರಿನ ಚಿಕ್ಕಪ್ಪನಿಗೆ ಫೋನು ಮಾಡಿದ. ಕತ್ತಲಲ್ಲಿ ಮೊಳಕೆಯ ಬಾಲ ಮುರಿಯುತ್ತಿದ್ದ ಇನ್‌ಸುಕ್‌ಗೆ ಎಲ್ಲ ಕೇಳುತ್ತಿತ್ತು.

"ಅಮ್ಮನ ತಿಥಿನಾ? ಚೆನ್ನಾಗಾಯ್ತು ಚಿಕ್ಕಪ್ಪ. ಈ ಸಲ ನಮ್ಮನೇಲಿ ಹೊಸ ರೀತಿ. ಹೆಂಗಸರ ಕೈಗೇ ಕೊಟ್ಟುಬಿಟ್ಟೆ. ಲೋಟ ಹಾಕೋದೂ ಅವರೇ... ಹೂಂ, ನಾನೇ ಅಂದೆ, ಕಾಲ ಬದಲಾಗಿದೆ, ನೀವೇ ಮಾಡಿ ಅಂತ. ಆಫೀಸಿನವರೆಲ್ಲಾ ಹೊಗಳಿದ್ರು... ಇಲ್ಲ ಇಲ್ಲ, ನಾವು ಅಲ್ಲಿ ಇರ್ಲೇಬೇಕು ಅಂತೇನಿಲ್ಲ. ನಾಳೆ ಅಪ್ಪಂದು ಬಂದಾಗ್ಲೂ ಇವಳೇ ಮುಗಿಸ್ತಾಳೆ ಬಿಡಿ. ನಮಗೆ ತಲೆನೋವಿಲ್ಲ."

ಮೊಳಕೆ ಮುರಿಯುತ್ತಿದ್ದ ಬೆರಳು ನಿಂತಿತು. ಹಜಾರದಲ್ಲಿ ಚೆಂಡು ಈಚೆ ಹಾರಿ ಬಂದಿರಬೇಕು, ಮಾನ್‌ಸು ಒಬ್ಬನೇ ತಲೆ ತಗ್ಗಿಸಿದ. ಮುದುಕ ತಗ್ಗಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸೋಫಾ ಕಿರುಗುಟ್ಟಿತು. ಕಾಲೆಳೆಯುವ ಸದ್ದು ಅಡುಗೆಮನೆಯ ಅಂಚಿಗೆ ಬಂದು ನಿಂತಿತು. ಅವಳು ಸೊಸೆಯಾಗಿ ಬಂದಂದಿನಿಂದ ಮಾವ ಈ ಅಂಚು ದಾಟಿದ್ದನ್ನು ಕಂಡಿರಲಿಲ್ಲ. ಈಗ ದಾಟಿದ. ಕನ್ನಡಕ ಕೈಯಲ್ಲಿತ್ತು. ಬರಿಗಣ್ಣು ಸಣ್ಣಗೆ, ಒದ್ದೆಯಾಗಿ, ಕೋಳಿಯ ಕಣ್ಣಿನ ಹಾಗಿತ್ತು.

"ಅಮ್ಮಾ," ಎಂದ.

"ಏನು ಬೇಕು ಮಾವ? ನೀರಾ?"

"ನೀರಲ್ಲ." ಹಜಾರದ ಕಡೆ ತಿರುಗಿ ನೋಡಿ, ದನಿ ಇಳಿಸಿದ. "ನಂದು... ನನ್ನ ತಿಥಿ ಬಂದಾಗ... ನೀನು ಬೇಗ ಇಡ್ತೀಯಲ್ಲ? ಇವರ ಮಾತು ಕೇಳ್ಕೊಂಡು ಕೂರಲ್ಲ ತಾನೇ?"

ಬಾಯಿಂದ ಬಿಯರಿನ, ಒಣಮೀನಿನ ವಾಸನೆ ಬರುತ್ತಿತ್ತು. ಗಲ್ಲದ ಬಿಳಿ ಕುರುಚಲಿಗೆ ಅನ್ನದ ಅಗುಳೊಂದು ಅಂಟಿತ್ತು. ಒರೆಸಿಕೊಳ್ಳಿ ಎಂದು ಅವಳು ಹೇಳಲಿಲ್ಲ.

"ಆ ದಿನ ಯಾವ ಮ್ಯಾಚ್ ಇರತ್ತೋ ಯಾರಿಗೆ ಗೊತ್ತು ಮಾವ," ಎಂದಳು ಇನ್‌ಸುಕ್, ಮತ್ತೊಂದು ಹಿಡಿ ಮೊಳಕೆ ಎಳೆದುಕೊಳ್ಳುತ್ತಾ.